ಉಡುಪಿನೊಳಗಿಂದ ಕಾಣುವ ನೆಲಹಾಸು

ಹದಿನೇಳನೇ ಶತಮಾನದ ಚಿತ್ರಕಾರ ಪೀಟರ್ ನೇಫ್ಸ್‌ನ ಚರ್ಚ್ ಚಿತ್ರ ಕೈಗೆ ಬಂದವರ ಮೊದಲ ಬೇಡಿಕೆ ಹೆಚ್ಚಾಗಿ ಒಂದೇ: "ಈ ಜನರ ಮೈಮೇಲೆ ಗೆರೆ ಮೂಡಿದೆ, ಮುಚ್ಚಿಕೊಡಿ." ದಯವಿಟ್ಟು ಮುಚ್ಚಿಸಬೇಡಿ. ಅದು ಸಾಮಾನ್ಯವಾಗಿ ಬಿರುಕಲ್ಲ, ನಕಲಿಯ ಗುರುತೂ ಅಲ್ಲ. ಚರ್ಚಿನ ನೆಲದ ಚಪ್ಪಡಿ ಗೆರೆ.

ನೇಫ್ಸ್ ಆಂಟ್ವರ್ಪ್‌ನ (ಇಂದಿನ ಬೆಲ್ಜಿಯಂ) ಚಿತ್ರಕಾರರ ಸಂತ ಲ್ಯೂಕ್ ಸಂಘಕ್ಕೆ ಸೇರಿದ್ದು 1609ರಲ್ಲಿ. ಊರಿನ ಕೆಥೆಡ್ರಲ್‌ನ ಒಳಾಂಗಣವನ್ನು ಮತ್ತೆಮತ್ತೆ ಬರೆದ. ಕಂಬ, ಕಮಾನು, ನೆಲ ಅವನ ಕೈಯವು. ಜನರನ್ನು ಅನೇಕ ಸಲ ಬರೆದವರು ಫ್ರಾಂಕನ್ ಮನೆತನದವರಂಥ ಬೇರೆ ಕಲಾವಿದರು. ನೆಲ ಮುಗಿದ ಮೇಲೆ ಅದರ ಮೇಲೆಯೇ ತೆಳ್ಳಗೆ ಆಕೃತಿ ಬರುತ್ತಿತ್ತು. ಸೀಸದಿಂದ ಮಾಡಿದ ಬಿಳಿ ಬಣ್ಣ ಅದರೊಳಗಿನ ಎಣ್ಣೆಯೊಂದಿಗೆ ನಿಧಾನವಾಗಿ ಸಾಬೂನಿನಂಥ ಸಂಯುಕ್ತವಾಗುತ್ತದೆ, ಬಣ್ಣದ ಪದರ ಪಾರದರ್ಶಕವಾಗುತ್ತಾ ಹೋಗುತ್ತದೆ. ಅದಕ್ಕೇ ಬಿಳಿ ಕಾಲರು, ತಿಳಿಬಣ್ಣದ ಲಂಗದಲ್ಲಿ ಗೆರೆ ಎದ್ದು ಕಾಣುತ್ತದೆ. ಕಪ್ಪು ನಿಲುವಂಗಿಯಲ್ಲಿ ಅಷ್ಟಾಗಿ ಇಲ್ಲ. ಹಿಂದೆ ಯಾರಾದರೂ ಒರಟಾಗಿ ತೊಳೆದಿದ್ದರೆ ಇನ್ನೂ ಹೆಚ್ಚು.

ಪರೀಕ್ಷೆ ಸುಲಭ. ಓರೆ ಬೆಳಕಿನಲ್ಲಿ ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಬಿರುಕು ಬಣ್ಣವನ್ನೇ ಸೀಳಿ ಅಂಕುಡೊಂಕಾಗಿ ಓಡುತ್ತದೆ. ಚಪ್ಪಡಿ ಗೆರೆಯ ಮೇಲೆ ಬಣ್ಣ ಅಖಂಡವಾಗಿರುತ್ತದೆ. ಆ ಗೆರೆ ಆಕೃತಿಯ ಈಚೆ ನುಗ್ಗಿ ಆಚೆ ನೇರವಾಗಿ ಹೊರಬರುತ್ತದೆ. ಅನುಮಾನವಿದ್ದರೆ ಫೋಟೋ ಪ್ರತಿಯ ಮೇಲೆ (ಚಿತ್ರದ ಮೇಲೆ ಖಂಡಿತ ಬೇಡ) ಸ್ಕೇಲು ಇಡಿ: ನಮ್ಮಿಂದ ದೂರ ಓಡುವ ನೆಲದ ಗೆರೆಗಳೆಲ್ಲ ಕಣ್ಣಿನ ಮಟ್ಟದ ಒಂದೇ ಬಿಂದುವಿನಲ್ಲಿ ಕೂಡಬೇಕು. ಲಂಗದೊಳಗಿನ ಗೆರೆಯೂ ಅಲ್ಲಿಗೇ ಹೋದರೆ ಅದು ನೆಲ. ಅಡ್ಡಗೆರೆಗಳು ಮಾತ್ರ ಕೂಡುವುದಿಲ್ಲ, ಸಮಾಂತರವಾಗಿರುತ್ತವೆ.

ಮುಖದ ಮೇಲೆ ತೀರಾ ಕಣ್ಣಿಗೆ ಚುಚ್ಚುವಂತಿದ್ದರೆ, ಮುಂದೆ ತೆಗೆಯಬಹುದಾದ ತೆಳುಬಣ್ಣ ಚುಕ್ಕೆಚುಕ್ಕೆಯಾಗಿ ಹಚ್ಚಬಹುದು. ದಪ್ಪ ಬಣ್ಣ ಬಳಿದರೆ ಯಾವುದು ಮೊದಲು, ಯಾವುದು ನಂತರ ಎಂಬ ಸಾಕ್ಷಿಯೇ ಮುಚ್ಚಿಹೋಗುತ್ತದೆ.

ಸಹಿ ನೋಡಿ ಸಮಾಧಾನಪಡುವುದೂ ಅವಸರವೇ. 1620ರಲ್ಲಿ ಹುಟ್ಟಿದ ಮಗನ ಹೆಸರೂ ಪೀಟರ್. ಅಪ್ಪನ ಶೈಲಿಯಲ್ಲೇ ಬರೆದ, ಸಹಿಗಳೂ ಗೊಂದಲ ಹುಟ್ಟಿಸುತ್ತವೆ. 1620ರ ದಶಕದ ತಾರೀಖು ನಂಬಲರ್ಹವಾಗಿದ್ದರೆ ಅಪ್ಪನದೆನ್ನಬಹುದು. ಅಪ್ಪ ತೀರಿಕೊಂಡದ್ದು 1656 ಮತ್ತು 1661ರ ನಡುವೆ, ಹಾಗಾಗಿ 1661ರ ನಂತರದ ಚಿತ್ರ ಅವನದಲ್ಲ. ಇಬ್ಬರೂ ಕುಂಚ ಹಿಡಿದಿದ್ದ 1640ರ ದಶಕದ ಚಿತ್ರಕ್ಕೆ ಸಹಿಯೊಂದರಿಂದಲೇ ತೀರ್ಪು ಕೊಡಲಾಗದು.

ಇನ್ನು, ಆಕೃತಿಯ ಕೆಳಗೆ ಚಪ್ಪಡಿ ಗೆರೆ ಇಲ್ಲವೇ ಇಲ್ಲದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕೆಳಪದರವನ್ನು ತೋರಿಸಬಲ್ಲ ಅವಗೆಂಪು (ಇನ್‌ಫ್ರಾರೆಡ್) ಛಾಯಾಚಿತ್ರದಲ್ಲೂ ಗೆರೆ ಆಕೃತಿಯ ಅಂಚಿಗೇ ನಿಂತಿದ್ದರೆ, ಆ ಜಾಗವನ್ನು ಮೊದಲೇ ಖಾಲಿ ಬಿಟ್ಟಿದ್ದಿರಬಹುದು.