ಹೇಳಿ ಮಾಡಿಸಿದ ಒಳ್ಳೆಯತನದಿಂದ ಶಾಲೆ ಬದಲಾಗುತ್ತದೆಯೇ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಐದು, ಆರನೇ ತರಗತಿಯ ಮಕ್ಕಳಿಂದ ವಾರವಾರವೂ ಒಂದಿಷ್ಟು ಒಳ್ಳೆಯ ಕೆಲಸ ಮಾಡಿಸಬೇಕು, ಹೆಚ್ಚು ಮಾಡಿದವರಿಗೆ ಸ್ಟಾರ್ ಕೊಡಬೇಕು ಅಂದುಕೊಂಡಿದ್ದೇನೆ. ‘ಹೇಳಿಸಿಕೊಂಡು ಮಾಡೋದು ಎಂಥಾ ಒಳ್ಳೆಯತನ ಮೇಡಂ?’ ಅನ್ನುತ್ತಾರೆ ಸಹೋದ್ಯೋಗಿಗಳು. ಯಾರ ಮಾತು ಸರಿ?

ಉತ್ತರ: ಹೇಳಿ ಮಾಡಿಸಿ, ತಪ್ಪೇನಿಲ್ಲ. ಸ್ಟಾರ್ ಮಾತ್ರ ಬೇಡ.

ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿದ್ದವರಿಗೆ ದಿನಕ್ಕೊಂದು ಸತ್ಕಾರ್ಯದ ಅಭ್ಯಾಸ ಗೊತ್ತೇ ಇರುತ್ತದೆ. ಅದೂ ಹೇಳಿ ಮಾಡಿಸುವುದೇ. ಹೀಗೆ ಮಾಡಿಸಿದರೆ ಏನಾಗುತ್ತದೆ ಎಂದು ಕೆನಡಾದ ವ್ಯಾಂಕೂವರ್ ನಗರದ ಶಾಲೆಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 9ರಿಂದ 11 ವರ್ಷದ 400ಕ್ಕೂ ಹೆಚ್ಚು ಮಕ್ಕಳಿದ್ದರು. ಕೆಲವರಿಗೆ ವಾರಕ್ಕೆ 3 ಒಳ್ಳೆಯ ಕೆಲಸ ಮಾಡಲು ಹೇಳಿದರು. ಉಳಿದವರಿಗೆ ಇಷ್ಟವಾದ 3 ಜಾಗಗಳಿಗೆ ಹೋಗಿಬರಲು ಹೇಳಿದರು. ಯಾರಿಗೆ, ಏನು ಎಂಬುದು ಮಕ್ಕಳಿಗೇ ಬಿಟ್ಟದ್ದು. ಅವರು ಮಾಡಿದ್ದೂ ತೀರಾ ಸಣ್ಣ ಕೆಲಸಗಳೇ: ಕೆಲಸದಿಂದ ಬೇಸತ್ತಿದ್ದ ಅಮ್ಮನನ್ನು ಅಪ್ಪಿಕೊಂಡದ್ದು, ತನ್ನ ಊಟದಲ್ಲಿ ಸ್ವಲ್ಪ ಇನ್ನೊಬ್ಬರಿಗೆ ಕೊಟ್ಟದ್ದು, ಮನೆಯ ನೆಲ ಸ್ವಚ್ಛ ಮಾಡಿದ್ದು. 4 ವಾರದ ಕೊನೆಗೆ ಎರಡೂ ಗುಂಪಿನ ಮಕ್ಕಳು ಮೊದಲಿಗಿಂತ ಖುಷಿಯಾಗಿದ್ದರು. ಆದರೆ ‘ಯಾರ ಜೊತೆ ಸೇರಿ ಕೆಲಸ ಮಾಡಲು ಇಷ್ಟ?’ ಎಂದು ತರಗತಿಯಲ್ಲಿ ಕೇಳಿದಾಗ, ಒಳ್ಳೆಯ ಕೆಲಸ ಮಾಡಿದವರ ಹೆಸರು ಹೆಚ್ಚು ಸಲ ಬಂತು. ಅಂದರೆ ಹೇಳಿಸಿಕೊಂಡು ಮಾಡಿದರೂ ಮಗು ತರಗತಿಗೆ ಹತ್ತಿರವಾಯಿತು. ನಿಮ್ಮ ಸಹೋದ್ಯೋಗಿಗಳಿಗೆ ಇದನ್ನು ಹೇಳಿ. 4 ವಾರದ ಪ್ರಯೋಗದಿಂದ ವರ್ಷಗಳ ಭರವಸೆ ಸಿಗುವುದಿಲ್ಲ ಎಂಬುದನ್ನೂ ಹೇಳಿ.

ಇನ್ನು ಸ್ಟಾರ್ ಯಾಕೆ ಬೇಡ? ಜರ್ಮನಿಯ ಲೈಪ್ಜಿಗ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 20 ತಿಂಗಳ ಪುಟಾಣಿಗಳು, ಯಾರಾದರೂ ಕೈಯಿಂದ ಬೀಳಿಸಿದ ವಸ್ತುವನ್ನು ತಾವಾಗಿಯೇ ಎತ್ತಿಕೊಡುತ್ತಿದ್ದರು. ಹಾಗೆ ನೆರವಾದಾಗಲೆಲ್ಲ ಬಹುಮಾನ ಪಡೆದ ಮಕ್ಕಳು, ಅದು ನಿಂತ ಮೇಲೆ ಏನೂ ಸಿಗದವರಿಗಿಂತ ಕಡಿಮೆ ನೆರವಾದರು. ಬರೀ ಮೆಚ್ಚುಗೆಯ ಮಾತು ಕೇಳಿದವರಲ್ಲಿ ಈ ಇಳಿಕೆ ಇರಲಿಲ್ಲ. ಸ್ಟಾರ್ ಹಚ್ಚುವ ಗೋಡೆಯ ಮೇಲಿನ ಪಟ್ಟಿಗೆ ಇನ್ನೊಂದು ತೊಂದರೆಯೂ ಇದೆ. ನಾಚಿಕೆ ಸ್ವಭಾವದ ಮಗು ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಚುರುಕಾದ ಮಗು ಎಲ್ಲರ ಮುಂದೆ ಮಾಡಿ ಪಟ್ಟಿಯ ಮೇಲೇರುತ್ತದೆ. ಅದರ ಬದಲು ಸೋಮವಾರ ಹತ್ತು ನಿಮಿಷ ಕೊಡಿ, ಮಾಡಿದ್ದನ್ನು ಮಕ್ಕಳು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಗಟ್ಟಿಯಾಗಿ ಓದಿಸಬೇಡಿ, ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಡಿ. ಪೆನ್ಸಿಲ್ ಇಸಿದುಕೊಂಡ ಮಗುವಿಗೂ ಮಾನ ಇರುತ್ತದಲ್ಲ!

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು: ಕೊಡುವ ಅವಕಾಶ ಯಾರಿಗೆ ಸಿಗುತ್ತಿದೆ? ಹೆಚ್ಚಿನ ತರಗತಿಗಳಲ್ಲಿ ಜಾಣರು ಹೇಳಿಕೊಡುತ್ತಾರೆ, ಹಿಂದುಳಿದವರು ಹೇಳಿಸಿಕೊಳ್ಳುತ್ತಾರೆ. ವರ್ಷವಿಡೀ ಇಸಿದುಕೊಳ್ಳುವ ಸರದಿಯೇ ಬಂದ ಮಗು ಕುಗ್ಗದೆ ಇನ್ನೇನಾದೀತು? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ದಶಕಗಳ ಕಾಲ ಹಿಂಬಾಲಿಸಿತು. ಬಡತನ, ಮನೆಯ ಜಗಳ, ಹೆತ್ತವರ ಕಾಯಿಲೆಯಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳು ಗಟ್ಟಿಯಾಗಿ ನಿಂತರು. ಅವರ ಬೆನ್ನಿಗೆ ನಂಬಬಹುದಾದ ಹಿರಿಯರೊಬ್ಬರಿದ್ದರು, ಎಷ್ಟೋ ಸಲ ಒಬ್ಬ ಶಿಕ್ಷಕರು. ಜೊತೆಗೆ ವರ್ನರ್ ಗುರುತಿಸಿದ ಇನ್ನೊಂದು ಸಂಗತಿ, ಆ ಮಕ್ಕಳಲ್ಲಿ ಅನೇಕರಿಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವಂಥ ಹೊಣೆ ಇತ್ತು. ತನ್ನಿಂದ ಯಾರಿಗೋ ಉಪಯೋಗವಿದೆ ಎಂಬ ಅರಿವೂ ಮಗುವನ್ನು ನಿಲ್ಲಿಸುತ್ತದೆ.

ಹಾಗಾಗಿ ರಾಯಚೂರಿನಿಂದ ಗುಳೆ ಬಂದ ಹುಡುಗನೊಬ್ಬ ನಿಮ್ಮ ತರಗತಿಯಲ್ಲಿದ್ದರೆ, ಅವನಿಗೆ ಸಹಾಯ ಮಾಡಿಸಿದರಷ್ಟೇ ಸಾಲದು, ಅವನಿಂದಲೂ ಮಾಡಿಸಿ. ಅವನಿಗೆ ಗೊತ್ತಿರುವ ಆಟ ಕಲಿಸಲಿ, ಒಂದನೇ ತರಗತಿಯ ಮಕ್ಕಳನ್ನು ಊಟದ ಸಾಲಿಗೆ ಕರೆತರಲಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಬೆರೆತು ಕೂತು, ಒಬ್ಬರಿಗೊಬ್ಬರು ನೆರವಾಗುತ್ತಾ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬರುವಾಗ ಆ ರೂಢಿಯನ್ನು ಕಳಚಿಹಾಕುತ್ತೇವೆ ಎಂಬುದೇ ನನ್ನ ಬೇಸರ.

ಮಕ್ಕಳ ಒಳ್ಳೆಯತನಕ್ಕೆ ಹೊರಿಸಬಾರದ ಭಾರವೂ ಉಂಟು. ಯಾರನ್ನಾದರೂ ನಿತ್ಯ ರೇಗಿಸುತ್ತಿದ್ದರೆ, ನೋಡುತ್ತಾ ನಗುವವರಿಂದಲೇ ರೇಗಿಸುವವನಿಗೆ ಬಲ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಕಾರ್ಯಕ್ರಮ ಹಿಡಿದದ್ದು ಇದೇ ಎಳೆಯನ್ನು: ನೋಡುಗರು ನಗುವುದನ್ನು ಬಿಟ್ಟು ನೊಂದವರ ಪಕ್ಕ ಹೋಗಿ ನಿಲ್ಲುವಂತೆ ಇಡೀ ತರಗತಿಗೆ ಕಲಿಸುತ್ತಾರೆ. ಆದರೆ ಅಲ್ಲಿಯೂ ನಡೆದ ಪ್ರಕರಣವನ್ನು ಕೈಗೆತ್ತಿಕೊಂಡು ಮಾತಾಡುವವರು ಶಾಲೆಯ ದೊಡ್ಡವರೇ. ನಮ್ಮಲ್ಲಿ ಬಿಸಿಯೂಟದ ಹೊತ್ತಿನಲ್ಲಿ ಜಾತಿ ನೋಡಿ ಯಾರನ್ನಾದರೂ ಬೇರೆ ಕೂರಿಸಿದರೆ, ಗೆಳೆಯರು ಪಕ್ಕ ಕೂತು ಸಮಾಧಾನ ಮಾಡಲಿ ಎಂದು ಬಿಡುವಂತಿಲ್ಲ. ಅದು ಅನ್ಯಾಯ, ಅಂದೇ ನಿಲ್ಲಿಸಬೇಕಾದವರು ನೀವು ಮತ್ತು ಮುಖ್ಯ ಶಿಕ್ಷಕರು.

ನೋಟ್‌ಬುಕ್ಕುಗಳನ್ನು ನೀವೊಬ್ಬರೇ ಓದುವಾಗ, ಗೆಳತಿಯ ಮೈಮೇಲಿನ ಬಾಸುಂಡೆಯನ್ನೋ ಮನೆಗೆ ಹೋಗಲು ಅವಳಿಗಿರುವ ಹೆದರಿಕೆಯನ್ನೋ ಮಗುವೊಂದು ಬರೆದಿರಬಹುದು. ಆಗ ‘ಗೆಳತಿಯನ್ನು ಚೆನ್ನಾಗಿ ನೋಡಿಕೋ’ ಎಂದು ಷರಾ ಬರೆದು ಮುಂದೆ ಹೋಗಬೇಡಿ. ಅಂದೇ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.