ಹೊಸ ಸೂರ್ಯಕಾಂತಿ ಬೀಜ ಮೊಳೆಯುತ್ತಿಲ್ಲ, ಕೊಯ್ಲು ತಪ್ಪಿತೇ?

ಪ್ರಶ್ನೆ: ಊರು ವಿಜಯಪುರ, ಈಗಿರುವುದು ಪುಣೆಯ ವಾಕಡ್‌ನಲ್ಲಿ. ಊರಿನ ಹೊಲದ ಬೀಜ ತಂದು ಟೆರೇಸ್ ಮೇಲೆ ಸೂರ್ಯಕಾಂತಿ ಬೆಳೆದೆವು. ಸೆಪ್ಟೆಂಬರಿನಲ್ಲಿ ತೆನೆ ಕೊಯ್ದು ವಾರದೊಳಗೆ ಅದೇ ಬೀಜ ಊರಿದರೆ ಒಂದೆರಡು ಮಾತ್ರ ಹುಟ್ಟಿದವು. ಬೇಗ ಕೊಯ್ದೆವೋ, ತಡ ಮಾಡಿದೆವೋ?

ಉತ್ತರ: ಎರಡೂ ಆಗಿರಲಿಕ್ಕಿಲ್ಲ. ಹೊಸ ಸೂರ್ಯಕಾಂತಿ ಬೀಜಕ್ಕೆ ಸುಪ್ತಾವಸ್ಥೆ ಇರುತ್ತದೆ. ತಳಿ ನೋಡಿ ಕೆಲವು ವಾರ ಮೊಳೆಯಲು ಒಪ್ಪುವುದೇ ಇಲ್ಲ. ಉಳಿದದ್ದನ್ನು ಎಸೆಯಬೇಡಿ. ದೀಪಾವಳಿ ಕಳೆದ ಮೇಲೆ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ. ಅವಸರವಿದ್ದ ಬೀಜೋತ್ಪಾದಕರು ಎಥ್ರೆಲ್ ಎಂಬ, ಎಥಿಲೀನ್ ಬಿಡುವ ರಾಸಾಯನಿಕದ ದ್ರಾವಣದಲ್ಲಿ ನೆನೆಸುವುದುಂಟು, ಟೆರೇಸ್ ತೋಟಕ್ಕೆ ಅದು ಅತಿಯಾಯಿತು.

ಇನ್ನು ಕೊಯ್ಲು. ಹೂ ಅರಳಿ ಸುಮಾರು 30ರಿಂದ 35 ದಿನಕ್ಕೆ ಕಾಳಿನ ಒಣತೂಕ ತುಂಬುತ್ತದೆ, ಕಸುವೂ ಆಗಲೇ ಶಿಖರ ಮುಟ್ಟುತ್ತದೆ. ಕ್ಯಾಲೆಂಡರ್‌ಗಿಂತ ತೆನೆಯ ಬೆನ್ನು ನೋಡುವುದು ಮೇಲು: ಹಸಿರು ಹೋಗಿ ನಿಂಬೆಹಳದಿ ಆಗಿ, ಅಂಚಿನ ಎಲೆಯಂಥ ಹಸಿರು ಪಕಳೆಗಳು ಕಂದತೊಡಗಿದರೆ ಕಾಳು ಬಲಿತಿದೆ. ಅದಕ್ಕೂ ಮೊದಲು ಕೊಯ್ದ ಕಾಳು ಒದ್ದೆ ಬಟ್ಟೆಯಲ್ಲಿ ಮೊಳೆತೀತು, ಮಣ್ಣು ಸೀಳಿ ಮೇಲೆ ಬರುವ ತ್ರಾಣ ಅದಕ್ಕಿರುವುದಿಲ್ಲ. ಹೂ ಅರಳುವುದು ಅಂಚಿನಿಂದ ನಡುವಿಗೆ, ಆದ್ದರಿಂದ ನಡುವಿನ ಕಾಳು ಎಳೆಯದು, ಎಷ್ಟೋ ಸಲ ಜೊಳ್ಳು. ಬಿತ್ತನೆಗೆ ಅಂಚಿನ ಸಾಲುಗಳನ್ನೇ ಆರಿಸಿ.

ಬಲಿತ ಮೇಲೂ ಗಿಡದಲ್ಲೇ ಬಿಡುವುದು ಸೋರುವ ಗೋದಾಮಿನಲ್ಲಿ ಮೂಟೆ ಇಟ್ಟಂತೆ. ಪುಣೆಯ ಸೆಪ್ಟೆಂಬರ್ ಮಳೆಗೆ ಕಾಳು ನೆನೆಯುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ತೆನೆಗೆ ಬೂಸ್ಟು ಹತ್ತುತ್ತದೆ. ಎಣ್ಣೆಕಾಳಾದ್ದರಿಂದ ಒಳಗಿನ ಕೊಬ್ಬು ಕಮಟಿ ಕಸುವು ಬೇಗ ಇಳಿಯುತ್ತದೆ. ಗಿಳಿಗಳ ಪಾಲು ಬೇರೆ! ತೆಳು ಬಟ್ಟೆ ಕಟ್ಟಿದರೆ ಗಿಳಿಯೇನೋ ತಪ್ಪೀತು, ಮಳೆ ತಪ್ಪದು.

ಬೆನ್ನು ಹಳದಿಯಾದಾಗ ಕಾಳಿನಲ್ಲಿ ಇನ್ನೂ ಮೂರನೇ ಒಂದು ಭಾಗದಷ್ಟು ತೇವ ಇರುತ್ತದೆ. ಕೊಯ್ದ ಕೂಡಲೇ ಡಬ್ಬಿಗೆ ಹಾಕಿದಿರೋ, ಕೆಟ್ಟಿತು. ತೆನೆಯನ್ನು ನೆರಳಲ್ಲಿ ಗಾಳಿಗೆ ಒಣಗಿಸಿ, ಕೈಯಿಂದಲೇ ಉದುರಿಸಿ. ಬಡಿದರೆ ಸಿಪ್ಪೆ ಬಿರಿಯುತ್ತದೆ. ಪ್ರಮಾಣಿತ ಬಿತ್ತನೆ ಬೀಜಕ್ಕೆ ತೇವಾಂಶದ ಮಿತಿ 9 ಶೇಕಡಾ. ಮನೆಯಲ್ಲಿ ಅಳೆಯಲಾಗದಿದ್ದರೂ, ಉಗುರಿನಿಂದ ಒತ್ತಿದಾಗ ತಿರುಳು ಬಾಗದೆ ಪಟ್ಟನೆ ಮುರಿಯಬೇಕು.

ಊರಿಗೆ ಫೋನ್ ಮಾಡಿದಾಗ ಆ ಬೀಜ ಹೈಬ್ರಿಡ್ಡೇ ಎಂದೂ ಕೇಳಿಕೊಳ್ಳಿ. ಹೈಬ್ರಿಡ್ ಆಗಿದ್ದರೆ ಅದರಿಂದ ಉಳಿಸಿದ ಕಾಳು ಎಷ್ಟು ಕಸುವಿನದಾದರೂ ಮುಂದಿನ ಗಿಡಗಳು ಎತ್ತರದಲ್ಲಿ, ಹೂ ಬಿಡುವ ಹೊತ್ತಿನಲ್ಲಿ ಒಂದರಂತೆ ಒಂದಿರುವುದಿಲ್ಲ.