ಎಳೆದರೂ ಮುರಿಯದ ಚೌಕ

ಜಿಯೋಜಿಬ್ರಾ ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ ಒಂದು ಚೌಕ ಬರೆಯಿರಿ ಅಂದರೆ ಹೆಚ್ಚಿನ ಮಕ್ಕಳು ನಾಲ್ಕು ಬಿಂದು ಇಡುತ್ತಾರೆ. ಕಣ್ಣಳತೆಯಲ್ಲಿ ಸರಿಮಾಡಿ ಗೆರೆ ಸೇರಿಸುತ್ತಾರೆ. ನೋಡಲು ಚೌಕವೇ. ಆದರೆ ಒಂದು ಮೂಲೆ ಹಿಡಿದು ಎಳೆದರೆ ಸಾಕು, ಸೊಟ್ಟ ಚತುರ್ಭುಜ ಆಗಿಬಿಡುತ್ತದೆ. ಇನ್ನೊಂದು ದಾರಿ ಇದೆ. ಒಂದು ರೇಖಾಖಂಡ ಎಳೆದು, ಎರಡೂ ತುದಿಗಳಲ್ಲಿ ಲಂಬ ಹಾಕಿ. ಅದೇ ತುದಿಗಳನ್ನು ಕೇಂದ್ರ ಮಾಡಿ, ರೇಖಾಖಂಡದಷ್ಟೇ ತ್ರಿಜ್ಯದ ವೃತ್ತ ಬರೆಯಿರಿ. ಒಂದೇ ಪಕ್ಕದಲ್ಲಿ ವೃತ್ತಗಳು ಲಂಬಗಳನ್ನು ಕಡಿಯುವ ಬಿಂದುಗಳನ್ನು ಸೇರಿಸಿ. ಈಗ ಮೊದಲಿನ ಎರಡು ಬಿಂದುಗಳಲ್ಲಿ ಯಾವುದನ್ನು ಎಳೆದರೂ ಅದು ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ. ಚೌಕವಾಗಿಯೇ ಉಳಿಯುತ್ತದೆ.

ಮೊದಲನೆಯದು ಬರೀ ಚಿತ್ರ. ಎರಡನೆಯದು ರಚನೆ. ಮಂಗಳೂರು, ಉಡುಪಿಯ ಹೈಸ್ಕೂಲು ಮಕ್ಕಳಿಗೆ ಈ ವ್ಯತ್ಯಾಸ ಸ್ವಂತ ಕೈಯಿಂದಲೇ ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ. ಈ ಯೋಚನೆ ಇಲ್ಲಿವರೆಗೆ ಬಂದ ದಾರಿ ಸಣ್ಣದಲ್ಲ.

ಯೂಕ್ಲಿಡ್‌ನ ಮೊದಲ ಪ್ರಮೇಯವೇ ಒಂದು ರಚನೆ: ಎರಡು ವೃತ್ತ ಬರೆದು ಸಮಬಾಹು ತ್ರಿಭುಜ ಮಾಡುವುದು. ನಮ್ಮಲ್ಲೂ ಇಂಥ ಯೋಚನೆ ಹಳೆಯದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಎರಡು ಸಂಖ್ಯೆಗಳಿಂದ ಒಂದು ಆಯತವನ್ನು ಹುಟ್ಟಿಸುವ ಕ್ರಮ ಇದೆ. ಆ ಸಂಖ್ಯೆಗಳಿಗೆ ಅವನು ಬೀಜ ಎನ್ನುತ್ತಾನೆ. ಬೀಜ 2 ಮತ್ತು 1 ಆದರೆ ಬಾಹುಗಳು 3 ಮತ್ತು 4, ಕರ್ಣ 5. ಬೀಜ 3 ಮತ್ತು 2 ಆದರೆ ಬಾಹುಗಳು 5 ಮತ್ತು 12, ಕರ್ಣ 13. ಬೀಜ ಬದಲಾದರೆ ಆಕೃತಿ ಬದಲಾಗುತ್ತದೆ, ಒಳಗಿನ ಸಂಬಂಧ ಬದಲಾಗುವುದಿಲ್ಲ. 1912ರಲ್ಲಿ ಮದ್ರಾಸಿನಲ್ಲಿ ಈ ಕೃತಿ ಅಚ್ಚಾದಾಗ ಆಧಾರವಾದ ಹಸ್ತಪ್ರತಿಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ಮೂಡುಬಿದಿರೆಯಲ್ಲಿ. ಕಂಪ್ಯೂಟರನ್ನು ಮಹಾವೀರ ಮೊದಲೇ ಕಂಡಿದ್ದ ಅಂತ ನಾನು ಹೇಳುತ್ತಿಲ್ಲ. ಆದರೆ ಆಕೃತಿಯನ್ನು ಅದರ ಸಂಬಂಧದಿಂದ ಹಿಡಿಯುವ ಬುದ್ಧಿ ಈ ಊರಿಗೆ ಹೊಸದಲ್ಲ, ಅಲ್ವಾ?

ಕಾಗದಕ್ಕೆ ಒಂದು ಮಿತಿ ಇದೆ. ಕೈವಾರದಿಂದ ಎಷ್ಟು ಚಂದ ಬರೆದರೂ ಸಿಗುವುದು ಒಂದೇ ತ್ರಿಭುಜ. ಆ ಮಿತಿ ಮೊದಲು ಸಡಿಲವಾದದ್ದು 1963ರಲ್ಲಿ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ ತನ್ನ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು, 'ಇವೆರಡು ಸಮಾಂತರ ಇರಲಿ' ಎಂಬಂಥ ಷರತ್ತು ಹಾಕಬಹುದಿತ್ತು. ಗೆರೆಗಳು ಷರತ್ತಿಗೆ ತಕ್ಕಂತೆ ತಾವೇ ಹೊಂದಿಕೊಳ್ಳುತ್ತಿದ್ದವು. ತರಗತಿಗೆ ಈ ಗುಣ ಬಂದದ್ದು 1980ರ ದಶಕದ ಕೊನೆಗೆ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್-ಮರಿ ಲಾಬೋರ್ಡ್ ತಂಡ ಮಾಡಿದ ಕಾಬ್ರಿ ಎಂಬ ಸಾಫ್ಟ್‌ವೇರಿನಿಂದ. 1991ರಲ್ಲಿ ಅಮೆರಿಕದಲ್ಲಿ ನಿಕೋಲಸ್ ಜಾಕಿವ್ ಅವರ ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್ ಬಂತು. ಎರಡೂ ಒಳ್ಳೆಯವು, ಎರಡಕ್ಕೂ ದುಡ್ಡು ಕೊಡಬೇಕಿತ್ತು. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರುಮಾಡಿದ ಜಿಯೋಜಿಬ್ರಾ ಪುಕ್ಕಟೆಯಾಗಿ ಸಿಕ್ಕಿತು. ಸರಕಾರಿ ಶಾಲೆಗೆ ದಾರಿ ತೆರೆದದ್ದು ಅದೇ. 2021ರ ಡಿಸೆಂಬರಿನಲ್ಲಿ ಬೈಜೂಸ್ ಅದನ್ನು ಕೊಂಡುಕೊಂಡಿತು. ಆಮೇಲೂ ಮಕ್ಕಳಿಗೆ, ಶಿಕ್ಷಕರಿಗೆ ಅದು ಪುಕ್ಕಟೆಯೇ.

ಕರ್ನಾಟಕದಲ್ಲಿ 2010ರ ದಶಕದ ಆರಂಭದಲ್ಲಿ ಹೈಸ್ಕೂಲು ಗಣಿತ ಶಿಕ್ಷಕರ ತರಬೇತಿಗೆ ಜಿಯೋಜಿಬ್ರಾ ಸೇರಿತು. ಇಲಾಖೆಯ ಜೊತೆ ಐಟಿ ಫಾರ್ ಚೇಂಜ್ ಸಂಸ್ಥೆ ಇದರಲ್ಲಿ ಕೆಲಸ ಮಾಡಿತು. ಆದರೆ ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿ ದಾಟಿದರೆ ಲೆಕ್ಕವೇ ಬೇರೆ. ಕೇರಳದಲ್ಲಿ ಐಟಿ ಒಂದು ಪಾಠ, ಅದಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆಯೂ ಇದೆ. ಜಿಯೋಜಿಬ್ರಾ ಐಟಿ ಪಠ್ಯಪುಸ್ತಕದೊಳಗೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಕನ್ನಡದಲ್ಲೇ ಓದಿ, ಮೌಸ್ ಹಿಡಿದು ಕಲಿಯುತ್ತಾರೆ. ನಮ್ಮ ಕಡೆ ನಾನು ನೋಡಿದ ತರಗತಿಗಳಲ್ಲಿ ಪ್ರೊಜೆಕ್ಟರಿನ ಮೇಲೆ ಮಾಸ್ಟ್ರು ಎಳೆಯುತ್ತಾರೆ, ಮಕ್ಕಳು ನೋಡುತ್ತಾರೆ. ಶಿಕ್ಷಕರ ತಪ್ಪಲ್ಲ ಇದು. ಮೌಸ್ ಹಿಡಿಯುವುದು ಪರೀಕ್ಷೆಯ ಭಾಗವಾದರೆ ಅದಕ್ಕೆ ಪೀರಿಯಡ್ಡೂ ಸಿಗುತ್ತದೆ.

ಸುಮ್ನೆ ನೋಡಿದರೆ ಏನು ಕಳೆದುಹೋಗುತ್ತದೆ ಅಂತ ತಿಳಿಯಲು ಸ್ಪರ್ಶಕದ ಲೆಕ್ಕ ತೆಗೆದುಕೊಳ್ಳಿ. 3 ಸೆಂಮೀ ತ್ರಿಜ್ಯದ ವೃತ್ತ, ಕೇಂದ್ರದಿಂದ 5 ಸೆಂಮೀ ದೂರದಲ್ಲಿ ಒಂದು ಬಿಂದು. ಆ ಬಿಂದುವನ್ನು ಕೇಂದ್ರಕ್ಕೆ ಸೇರಿಸಿ, ಲಂಬಾರ್ಧಕ ಎಳೆದು, ಮಧ್ಯಬಿಂದುವಿನಿಂದ ಎರಡೂ ತುದಿ ಮುಟ್ಟುವಂತೆ ಇನ್ನೊಂದು ವೃತ್ತ ಬರೆಯಬೇಕು. ಎರಡು ವೃತ್ತ ಕೂಡುವ ಕಡೆ ಸ್ಪರ್ಶಬಿಂದುಗಳು. ಅರ್ಧವೃತ್ತದಲ್ಲಿನ ಕೋನ 90 ಡಿಗ್ರಿ, ಹಾಗಾಗಿ ಅಲ್ಲಿ ತ್ರಿಜ್ಯಕ್ಕೆ ಲಂಬ ಸಿಗುತ್ತದೆ. ಸ್ಪರ್ಶಕದ ಉದ್ದ 4 ಸೆಂಮೀ. ನಮ್ಮ ಊರಿನ ಎಷ್ಟೋ ಮಕ್ಕಳು ಇದನ್ನು ಬಾಯಿಪಾಠದಂತೆ ಬರೆದು ಪೂರ್ತಿ ಅಂಕ ತೆಗೆದಿದ್ದಾರೆ.

ಈಗ ಪರದೆಯ ಮೇಲೆ ಆ ಬಿಂದುವನ್ನು ಮೆಲ್ಲಗೆ ವೃತ್ತದ ಕಡೆ ಎಳೆಯಿರಿ. ಸ್ಪರ್ಶಕಗಳು ಗಿಡ್ಡವಾಗುತ್ತವೆ, ಅವುಗಳ ನಡುವಿನ ಕೋನ ಅಗಲವಾಗುತ್ತದೆ. ಬಿಂದು ವೃತ್ತದ ಮೇಲೆ ಬಂದಾಗ ಉದ್ದ ಸೊನ್ನೆ, ಎರಡೂ ಸೇರಿ ಒಂದೇ ಸ್ಪರ್ಶಕ. ಇನ್ನೂ ಒಳಗೆ ಎಳೆದರೆ ಏನೂ ಇಲ್ಲ, ಮಾಯ! ಚಿಕ್ಕ ವೃತ್ತ ಪೂರ್ತಿ ಒಳಗೆ ಕೂತಿದೆ, ದೊಡ್ಡದನ್ನು ಮುಟ್ಟುತ್ತಲೇ ಇಲ್ಲ. ಸ್ಪರ್ಶಕದ ಉದ್ದದ ಸೂತ್ರದಲ್ಲಿ ವರ್ಗಮೂಲದ ಕೆಳಗೆ ಋಣ ಸಂಖ್ಯೆ ಬಂದದ್ದೂ ಇದೇ ಹೊತ್ತಿಗೆ. ಯಾಕೆ ಮಾಯವಾಯಿತು ಅನ್ನುವ ಪ್ರಶ್ನೆ, ತಾನೇ ಎಳೆದ ಮಗುವಿಗೆ ಜಾಸ್ತಿ ಕಾಡುತ್ತದೆ.

2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕಡಿಮೆ ಮಾಡಿದಾಗ 9 ಮತ್ತು 10ನೇ ತರಗತಿಗಳ ರಚನೆಗಳ ಅಧ್ಯಾಯವನ್ನೇ ತೆಗೆದುಹಾಕಿತು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಕೈವಾರ ಗೊತ್ತಿಲ್ಲದ ಮಗುವಿಗೆ ಸಾಫ್ಟ್‌ವೇರ್ ಬರೀ ಗುಂಡಿಗಳ ಸಾಲು. ಜಿಯೋಜಿಬ್ರಾದಲ್ಲಿ ಒಂದೇ ಗುಂಡಿಗೆ ಸಮ ಸಪ್ತಭುಜ ಬರುತ್ತದೆ. ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ ಅದನ್ನು ಮಾಡಲು ಸಾಧ್ಯವೇ ಇಲ್ಲ ಅಂತ ಫ್ರಾನ್ಸಿನ ಗಣಿತಜ್ಞ ವಾಂಟ್ಸೆಲ್ 1837ರಲ್ಲೇ ಸಾಧಿಸಿದ. ಇದನ್ನು ಗುಂಡಿ ಹೇಳುವುದಿಲ್ಲ. ಹಾಗಾಗಿ ಶುರುವಿನಲ್ಲಿ ಬಿಂದು, ರೇಖೆ, ವೃತ್ತ ಮಾತ್ರ ಬಿಟ್ಟು ಉಳಿದ ಗುಂಡಿಗಳನ್ನು ತೆಗೆದಿಡುವುದು ಒಳ್ಳೆಯದು. ಅದಕ್ಕೆ ಸೌಲಭ್ಯ ಅದರಲ್ಲೇ ಇದೆ.

ಲ್ಯಾಬ್ ಇಲ್ಲದಿದ್ದರೂ, ಮಳೆಗೆ ಕರೆಂಟ್ ಹೋದರೂ, ಮೊಬೈಲಿಗೆ ಇಳಿಸಿಕೊಂಡ ಆ್ಯಪ್ ಸಾಕು. ಯಾವುದಾದರೂ ಚತುರ್ಭುಜ ಬರೆದು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿ. ಒಳಗೆ ಸಮಾಂತರ ಚತುರ್ಭುಜ ಬರುತ್ತದೆ. ಫ್ರಾನ್ಸಿನ ಗಣಿತಜ್ಞ ವರಿನ್ಯೋನ್ ಹೇಳಿದ ಈ ಮಾತು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1731ರಲ್ಲಿ. ಮೂಲೆಯನ್ನು ಎತ್ತ ಎಳೆದರೂ ಅದು ತಪ್ಪುವುದಿಲ್ಲ. ಹಾಗಂತ ನೂರು ಸಲ ಎಳೆದರೂ ಅದು ಸಾಧನೆ, ಅಂದರೆ ಪುರಾವೆ, ಆಗುವುದಿಲ್ಲ. ಸಾಧನೆಗೆ ಒಂದು ಕರ್ಣ ಎಳೆಯಬೇಕು. ಆಗ ಎರಡು ತ್ರಿಭುಜಗಳು ಸಿಗುತ್ತವೆ. 9ನೇ ತರಗತಿಯ ಮಧ್ಯಬಿಂದು ಪ್ರಮೇಯದ ಪ್ರಕಾರ ಎದುರುಬದುರಿನ ಎರಡು ಗೆರೆಗಳೂ ಆ ಕರ್ಣಕ್ಕೆ ಸಮಾಂತರ, ಉದ್ದ ಅದರ ಅರ್ಧ. ಚತುರ್ಭುಜದ ಒಂದು ಮೂಲೆ ಒಳಕ್ಕೆ ಮಡಚಿಕೊಂಡರೂ ಈ ವಾದದಲ್ಲಿ ಒಂದಕ್ಷರ ಬದಲಾಯಿಸಬೇಕಿಲ್ಲ.